ಒಂದೇ ಅಸೆಂಬ್ಲಿ, ಎರಡು ಒಪ್ಪಂದ: ಹಳೆಯ ಮತ್ತು ಹೊಸ ಕಾಲಿಂಗ್ ಕನ್ವೆನ್ಷನ್‌ಗಳನ್ನು ಒಟ್ಟಿಗೆ ನಡೆಸುವ ಬಗ್ಗೆ

ಪ್ರೊಸೆಸರ್‌ಗೆ ಫಂಕ್ಷನ್ ಎಂಬುದೇ ಗೊತ್ತಿಲ್ಲ. ಮಾತನ್ನು ಇಲ್ಲಿಂದಲೇ ಆರಂಭಿಸುತ್ತೇನೆ. ‘ಕಾಲ್’ ಸೂಚನೆ ಎದುರಾದಾಗ ಅದು ಮಾಡುವ ಕೆಲಸ ಎರಡೇ: ಮರಳಿ ಬರಬೇಕಾದ ವಿಳಾಸವನ್ನು ಸ್ಟ್ಯಾಕ್‌ನಲ್ಲೋ (ಕರೆಗಳ ಲೆಕ್ಕ ಇಡುವ ಮೆಮೊರಿ ಭಾಗ) ಒಂದು ರಿಜಿಸ್ಟರ್‌ನಲ್ಲೋ (ಪ್ರೊಸೆಸರ್ ಒಳಗಿನ ಪುಟ್ಟ ಮನೆ) ಇಡುವುದು, ಆಮೇಲೆ ಹೊಸ ವಿಳಾಸಕ್ಕೆ ಜಿಗಿಯುವುದು. ಆರ್ಗ್ಯುಮೆಂಟ್‌ಗಳು (ಫಂಕ್ಷನ್ನಿಗೆ ಕೊಡುವ ಬೆಲೆಗಳು) ಎಲ್ಲಿವೆ, ಉತ್ತರ ಎಲ್ಲಿ ಸಿಗುತ್ತದೆ, ಯಾವ ರಿಜಿಸ್ಟರ್‌ಗಳನ್ನು ಕೆಡಿಸಬಹುದು, ಯಾವುವನ್ನು ಇದ್ದಂತೆಯೇ ಹಿಂತಿರುಗಿಸಬೇಕು, ಸ್ಟ್ಯಾಕನ್ನು ಯಾರು ತೆರವು ಮಾಡಬೇಕು ಎಂಬುದೆಲ್ಲ ಕರೆಯುವ ಕೋಡ್ ಮತ್ತು ಕರೆಸಿಕೊಳ್ಳುವ ಕೋಡ್ ನಡುವಿನ ಒಪ್ಪಂದ. ಇದನ್ನೇ ಕಾಲಿಂಗ್ ಕನ್ವೆನ್ಷನ್ ಎನ್ನುತ್ತೇವೆ. ಸಿ ಭಾಷೆಯಲ್ಲಿ ಬರೆದರೆ ಒಪ್ಪಂದದ ಎರಡೂ ಬದಿಗೆ ಕಂಪೈಲರೇ ಸಹಿ ಹಾಕುತ್ತದೆ. ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್‌ನ ಸೂಚನೆಗಳನ್ನೇ ನೇರವಾಗಿ ಬರೆದರೆ, ಒಂದು ಬದಿಯ ಸಹಿ ನಿಮ್ಮದು, ಮತ್ತು ನೀವು ತಪ್ಪಿದರೆ ತಪ್ಪಿದ್ದೀರಿ ಎಂದು ಹೇಳುವವರು ಯಾರೂ ಇಲ್ಲ. ಅಸೆಂಬ್ಲರ್ ಒಪ್ಪುತ್ತದೆ, ತುಂಡುಗಳನ್ನು ಜೋಡಿಸುವ ಲಿಂಕರ್ ಒಪ್ಪುತ್ತದೆ, ಪ್ರೋಗ್ರಾಂ ಬಹುಪಾಲು ಸಲ ಓಡುತ್ತದೆ.

ಒಪ್ಪಂದ ಒಂದೇ ಇದ್ದಾಗ ಅದನ್ನು ಬಾಯಿಪಾಠ ಮಾಡಿಕೊಂಡು ಕೆಲಸ ಸಾಗಿಸಬಹುದು. ಹಳೆಯದು ಇನ್ನೂ ಬಳಕೆಯಲ್ಲಿರುವಾಗ ಹೊಸದು ಬಂದಾಗ ಕಷ್ಟ ಮೊದಲಾಗುತ್ತದೆ. ಆಗ ಒಂದೇ ಅಸೆಂಬ್ಲಿ ಕಡತವು ಎರಡೂ ಕಡೆ ಸರಿಯಾಗಿ ನಡೆಯಬೇಕು. ಈ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಒಪ್ಪಂದದ ತಿಳಿವಳಿಕೆ ಫಂಕ್ಷನ್ನಿನ ಒಡಲೊಳಗೆ ಹರಡಿಕೊಳ್ಳಬಾರದು, ಒಳಬರುವ ಬಾಗಿಲು, ಹೊರಹೋಗುವ ಬಾಗಿಲು, ಬೇರೆ ಫಂಕ್ಷನ್ನನ್ನು ಕರೆಯುವ ಜಾಗ, ಈ ಮೂರೇ ಕಡೆ ಅದು ಇರಬೇಕು, ಅದೂ ಹೆಸರಿಟ್ಟ ಮ್ಯಾಕ್ರೋಗಳ (ಅಸೆಂಬಲ್ ಮಾಡುವಾಗ ಕೋಡಾಗಿ ಬಿಚ್ಚಿಕೊಳ್ಳುವ ಹೆಸರುಗಳ) ರೂಪದಲ್ಲಿ.

32 ಬಿಟ್‌ನ ಎಕ್ಸ್86 (ಇಂಟೆಲ್ ಬಗೆಯ ಪ್ರೊಸೆಸರ್) ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದರೆ ಅಲ್ಲಿನ ಒಂದು ಸಂಗತಿ ಮುಂದಕ್ಕೆ ಬೇಕಾಗುತ್ತದೆ. ಅಲ್ಲಿ ಸಿಡೆಕ್ಲ್ ಮತ್ತು ಎಸ್‌ಟಿಡಿಕಾಲ್ ಎಂಬ ಎರಡು ಪದ್ಧತಿಗಳು ಬಹಳ ಕಾಲ ಅಕ್ಕಪಕ್ಕದಲ್ಲೇ ಬಾಳಿದವು. ಎರಡರಲ್ಲೂ ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್‌ಗೆ ಬಲದಿಂದ ಎಡಕ್ಕೆ ಹೋಗುತ್ತವೆ. ಸಿಡೆಕ್ಲ್‌ನಲ್ಲಿ ಸ್ಟ್ಯಾಕನ್ನು ಕರೆದ ಕೋಡ್ ತೆರವು ಮಾಡುತ್ತದೆ, ಎಸ್‌ಟಿಡಿಕಾಲ್‌ನಲ್ಲಿ ಕರೆಸಿಕೊಂಡ ಫಂಕ್ಷನ್ನೇ ತೆರವು ಮಾಡಿ ಮರಳುತ್ತದೆ. ಇವೆರಡನ್ನು ಬೆರೆಸಿದರೆ ಪ್ರತಿ ಕರೆಗೂ ಸ್ಟ್ಯಾಕ್ ಪಾಯಿಂಟರ್ ಕೆಲವು ಬೈಟ್ ಸರಿದುಹೋಗುತ್ತದೆ. ಆದರೆ ವಿಂಡೋಸ್‌ನ ಉಪಕರಣಗಳು ಎಸ್‌ಟಿಡಿಕಾಲ್ ಫಂಕ್ಷನ್ನಿನ ಹೆಸರಿನ ಕೊನೆಗೆ ಆರ್ಗ್ಯುಮೆಂಟ್‌ಗಳ ಒಟ್ಟು ಬೈಟ್ ಸಂಖ್ಯೆಯನ್ನು ಅಂಟಿಸುತ್ತವೆ. ಹಾಗಾಗಿ ತಪ್ಪು ಪದ್ಧತಿಯಲ್ಲಿ ಘೋಷಿಸಿದರೆ ಹೆಸರೇ ಹೊಂದುವುದಿಲ್ಲ, ಲಿಂಕರ್ ನಿಂತುಬಿಡುತ್ತದೆ. ಒಪ್ಪಂದವು ಹೆಸರಿನಲ್ಲೇ ಕಾಣುವಂತಿದ್ದರೆ ತಪ್ಪು ಲಿಂಕ್ ಮಾಡುವಾಗಲೇ ಸಿಕ್ಕಿಬೀಳುತ್ತದೆ. ಇಲ್ಲದಿದ್ದರೆ ಬಳಕೆದಾರರ ಯಂತ್ರದಲ್ಲಿ ಸಿಕ್ಕಿಬೀಳುತ್ತದೆ.

ಈಗ 64 ಬಿಟ್‌ಗೆ ಬರೋಣ. ಇಲ್ಲಿ ಒಂದೇ ಪ್ರೊಸೆಸರ್ ಮೇಲೆ ಎರಡು ದೊಡ್ಡ ಒಪ್ಪಂದಗಳಿವೆ. ಲಿನಕ್ಸ್ ಮುಂತಾದವು ಅನುಸರಿಸುವ ಸಿಸ್ಟಮ್ ವಿ ಪದ್ಧತಿಯಲ್ಲಿ ಮೊದಲ ಆರು ಪೂರ್ಣಾಂಕ ಆರ್ಗ್ಯುಮೆಂಟ್‌ಗಳು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9 ರಿಜಿಸ್ಟರ್‌ಗಳಲ್ಲಿ ಬರುತ್ತವೆ. ವಿಂಡೋಸ್‌ನಲ್ಲಿ ಮೊದಲ ನಾಲ್ಕು ಮಾತ್ರ ರಿಜಿಸ್ಟರ್‌ನಲ್ಲಿ: ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9. ಅದರ ಜೊತೆಗೆ ಕರೆಯುವ ಕೋಡ್ ಕರೆಸಿಕೊಂಡ ಫಂಕ್ಷನ್ ಬಳಸಿಕೊಳ್ಳಲೆಂದು 32 ಬೈಟ್‌ಗಳ ಒಂದು ನೆರಳು ಜಾಗವನ್ನು ಸ್ಟ್ಯಾಕ್‌ನಲ್ಲಿ ಯಾವಾಗಲೂ ಬಿಟ್ಟುಕೊಡಬೇಕು. ಸಿಸ್ಟಮ್ ವಿ ಪದ್ಧತಿಯಲ್ಲಿ ಧಾರಾಳವಾಗಿ ಕೆಡಿಸಬಹುದಾದ ಆರ್‌ಡಿಐ ಮತ್ತು ಆರ್‌ಎಸ್‌ಐಗಳನ್ನು ವಿಂಡೋಸ್‌ನಲ್ಲಿ ಕಾಪಾಡಿ ಹಿಂತಿರುಗಿಸಬೇಕು.

ಸಿಸ್ಟಮ್ ವಿಗೆಂದು ಬರೆದ ಫಂಕ್ಷನ್ನೊಂದನ್ನು ವಿಂಡೋಸ್‌ಗೂ ಒಗ್ಗಿಸಬೇಕು ಎಂದುಕೊಳ್ಳಿ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ ತನ್ನ ಅಸೆಂಬ್ಲಿಯನ್ನು ಪರ್ಲ್ ಸ್ಕ್ರಿಪ್ಟ್‌ಗಳಿಂದ ಹುಟ್ಟಿಸುತ್ತದೆ. ವಿಂಡೋಸ್‌ಗಾಗಿ ಹುಟ್ಟಿಸುವಾಗ ಫಂಕ್ಷನ್ನಿನ ತಲೆಯಲ್ಲಿ ಕೆಲವು ಸಾಲುಗಳು ಸೇರಿಕೊಳ್ಳುತ್ತವೆ. ಮೊದಲು ಆರ್‌ಡಿಐ ಮತ್ತು ಆರ್‌ಎಸ್‌ಐಗಳನ್ನು ನೆರಳು ಜಾಗದಲ್ಲಿ ಉಳಿಸಿಡಲಾಗುತ್ತದೆ. ಆಮೇಲೆ ಆರ್‌ಸಿಎಕ್ಸ್‌ನಲ್ಲಿರುವುದು ಆರ್‌ಡಿಐಗೆ, ಆರ್‌ಡಿಎಕ್ಸ್‌ನಲ್ಲಿರುವುದು ಆರ್‌ಎಸ್‌ಐಗೆ, ಆರ್8ರಲ್ಲಿರುವುದು ಆರ್‌ಡಿಎಕ್ಸ್‌ಗೆ, ಆರ್9ರಲ್ಲಿರುವುದು ಆರ್‌ಸಿಎಕ್ಸ್‌ಗೆ ಹೋಗುತ್ತದೆ. ಐದನೆಯ ಆರ್ಗ್ಯುಮೆಂಟ್ ಸ್ಟ್ಯಾಕ್ ಪಾಯಿಂಟರ್‌ನಿಂದ 40 ಬೈಟ್ ಮೇಲೆ ಸಿಗುತ್ತದೆ, ಆರನೆಯದು 48 ಬೈಟ್ ಮೇಲೆ. 40 ಹೇಗೆ ಬಂತು ಎಂದು ಕೇಳಿಕೊಳ್ಳಿ: ಮರಳುವ ವಿಳಾಸಕ್ಕೆ 8, ನೆರಳು ಜಾಗಕ್ಕೆ 32. ಈ ಸಾಲುಗಳ ಕ್ರಮಕ್ಕೂ ಅರ್ಥವಿದೆ. ಆರ್9ನ್ನು ಆರ್‌ಸಿಎಕ್ಸ್‌ಗೆ ಮೊದಲೇ ಸರಿಸಿಬಿಟ್ಟರೆ ಮೊದಲ ಆರ್ಗ್ಯುಮೆಂಟ್ ಅಲ್ಲೇ ಅಳಿದುಹೋಗುತ್ತದೆ. ಪ್ರತಿ ರಿಜಿಸ್ಟರ್‌ನ ಹಳೆಯ ಬೆಲೆ ಬೇರೆಡೆ ಸೇರಿದ ಮೇಲಷ್ಟೇ ಅದರೊಳಗೆ ಹೊಸದು ಬರಬೇಕು.

ಇದರ ತದ್ವಿರುದ್ಧ ದಿಕ್ಕಿನ ಉದಾಹರಣೆ ಲಿನಕ್ಸ್ ಕರ್ನಲ್‌ನಲ್ಲಿದೆ, ನನಗೆ ಬಹಳ ಮೆಚ್ಚುಗೆಯಾದದ್ದು. 64 ಬಿಟ್ ಎಕ್ಸ್86 ಯಂತ್ರಗಳ ಇಎಫ್‌ಐ ಫರ್ಮ್‌ವೇರ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಮೈಕ್ರೋಸಾಫ್ಟ್‌ನ, ಅಂದರೆ ವಿಂಡೋಸ್‌ನ, ಪದ್ಧತಿಯನ್ನು ಅನುಸರಿಸುತ್ತದೆ, ಕರ್ನಲ್ ಸಿಸ್ಟಮ್ ವಿ ಪದ್ಧತಿಯನ್ನು. ಇವುಗಳ ನಡುವೆ ಚಿಕ್ಕದೊಂದು ಅಸೆಂಬ್ಲಿ ಸೇತುವೆ ಇದೆ. ಅದಕ್ಕೆ ಮೊದಲ ಆರ್ಗ್ಯುಮೆಂಟಾಗಿ ಕರೆಯಬೇಕಾದ ಫರ್ಮ್‌ವೇರ್ ಫಂಕ್ಷನ್ನಿನ ವಿಳಾಸವನ್ನೇ ಕೊಡಲಾಗುತ್ತದೆ, ಹಾಗಾಗಿ ನಿಜವಾದ ಆರ್ಗ್ಯುಮೆಂಟ್‌ಗಳು ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ. ಫಲವೇನೆಂದರೆ, ಫರ್ಮ್‌ವೇರ್‌ನ ಎರಡನೆಯ ಆರ್ಗ್ಯುಮೆಂಟ್ ಆಗಲೇ ಆರ್‌ಡಿಎಕ್ಸ್‌ನಲ್ಲಿ ಕುಳಿತಿರುತ್ತದೆ, ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಆರ್8 ಆರ್9ಕ್ಕೆ, ಆರ್‌ಸಿಎಕ್ಸ್ ಆರ್8ಕ್ಕೆ, ಆರ್‌ಎಸ್‌ಐ ಆರ್‌ಸಿಎಕ್ಸ್‌ಗೆ; ಸ್ಟ್ಯಾಕನ್ನು 16 ಬೈಟ್‌ಗೆ ಹೊಂದಿಸಿ, ಉಳಿದೆರಡು ಆರ್ಗ್ಯುಮೆಂಟ್‌ಗಳನ್ನು ನೆರಳು ಜಾಗದ ಮೇಲ್ಗಡೆ ಇಟ್ಟು ಕರೆದರಾಯಿತು. ಸೇತುವೆಯ ಫಂಕ್ಷನ್ನಿನ ಆರ್ಗ್ಯುಮೆಂಟ್ ಕ್ರಮವನ್ನು ನೀವೇ ನಿರ್ಧರಿಸುವಾಗ ಇಂಥ ಅನುಕೂಲವನ್ನು ಹುಡುಕಿಕೊಳ್ಳಿ.

ಆರ್ಗ್ಯುಮೆಂಟ್ ಅದಲುಬದಲು ಎದ್ದು ಕಾಣುವ ಭಾಗ. ತಪ್ಪಾದರೆ ಮೊದಲ ಓಟದಲ್ಲೇ ಪ್ರೋಗ್ರಾಂ ಬೀಳುತ್ತದೆ. ನನಗೆ ಭಯ ಹುಟ್ಟಿಸುವುದು ಬೇರೆ. ವಿಂಡೋಸ್ ಪದ್ಧತಿಯಲ್ಲಿ ದಶಮಾಂಶ ಲೆಕ್ಕ ಮುಂತಾದವಕ್ಕೆ ಬಳಸುವ ಎಕ್ಸ್‌ಎಂಎಂ ರಿಜಿಸ್ಟರ್‌ಗಳ ಪೈಕಿ ಎಕ್ಸ್‌ಎಂಎಂ6ರಿಂದ ಎಕ್ಸ್‌ಎಂಎಂ15ರವರೆಗಿನವನ್ನು ಕಾಪಾಡಬೇಕು. ಸಿಸ್ಟಮ್ ವಿಯಲ್ಲಿ ಯಾವ ಎಕ್ಸ್‌ಎಂಎಂ ರಿಜಿಸ್ಟರನ್ನೂ ಕಾಪಾಡಬೇಕಿಲ್ಲ. ಲಿನಕ್ಸ್‌ನಿಂದ ತಂದ ಫಂಕ್ಷನ್ ಎಕ್ಸ್‌ಎಂಎಂ7ನ್ನು ಕೆಡಿಸಿ ಮರಳಿದರೆ ಆ ಫಂಕ್ಷನ್ನಿನ ಉತ್ತರ ಸರಿಯಾಗಿಯೇ ಇರುತ್ತದೆ, ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಕರೆದ ಕೋಡ್ ಆ ರಿಜಿಸ್ಟರ್‌ನಲ್ಲಿ ತನ್ನದೊಂದು ದಶಮಾಂಶ ಸಂಖ್ಯೆಯನ್ನು ಇಟ್ಟುಕೊಂಡಿದ್ದರೆ ಮಾತ್ರ, ಅದೂ ಕಂಪೈಲರ್ ಅದನ್ನು ಅಲ್ಲೇ ಇಡಬೇಕೆಂದು ನಿರ್ಧರಿಸಿದ್ದರೆ ಮಾತ್ರ, ಸಂಬಂಧವೇ ಇಲ್ಲದ ಬೇರೊಂದು ಲೆಕ್ಕ ತಪ್ಪಾಗುತ್ತದೆ. ಕಂಪೈಲರ್‌ನ ಆವೃತ್ತಿ ಬದಲಾದ ದಿನ ತಪ್ಪು ಮೇಲೆದ್ದು ಬರುತ್ತದೆ, ಎಲ್ಲರೂ ಕಂಪೈಲರನ್ನು ಅನುಮಾನಿಸುತ್ತಾರೆ.

ಈ ಜಾತಿಯ ತಪ್ಪಿಗೆ ಎಕ್ಸ್264 ವಿಡಿಯೊ ಎನ್‌ಕೋಡರ್ ತಂಡದ ಮ್ಯಾಕ್ರೋ ಕಡತ, ಎಕ್ಸ್86ಇಂಕ್, ಒಳ್ಳೆಯ ಉತ್ತರ ಕೊಟ್ಟಿದೆ. ಅಲ್ಲಿ ಫಂಕ್ಷನ್ ಬರೆಯುವವರು ರಿಜಿಸ್ಟರ್‌ಗಳ ನಿಜನಾಮವನ್ನು ಬಳಸುವುದೇ ಇಲ್ಲ. ಮೊದಲ ಆರ್ಗ್ಯುಮೆಂಟ್ ಆರ್ ಸೊನ್ನೆ, ಎರಡನೆಯದು ಆರ್ ಒಂದು, ಹೀಗೆ. ಯಾವ ಪದ್ಧತಿಗೆ ಅಸೆಂಬಲ್ ಮಾಡುತ್ತಿದ್ದೇವೆ ಎಂಬುದರ ಮೇಲೆ ಆ ಹೆಸರುಗಳು ತಕ್ಕ ರಿಜಿಸ್ಟರ್‌ಗೆ ಹೊಂದಿಕೊಳ್ಳುತ್ತವೆ. ಫಂಕ್ಷನ್ನಿನ ತಲೆಯ ಮ್ಯಾಕ್ರೋಗೆ ಎಷ್ಟು ಆರ್ಗ್ಯುಮೆಂಟ್, ಒಟ್ಟು ಎಷ್ಟು ಸಾಮಾನ್ಯ ರಿಜಿಸ್ಟರ್, ಎಷ್ಟು ಎಕ್ಸ್‌ಎಂಎಂ ರಿಜಿಸ್ಟರ್ ಬೇಕು ಎಂದು ಹೇಳಬೇಕು. ವಿಂಡೋಸ್‌ನಲ್ಲಿ ಆರಕ್ಕಿಂತ ಹೆಚ್ಚು ಎಕ್ಸ್‌ಎಂಎಂ ಬೇಕೆಂದರೆ ಉಳಿಸಿಡುವ ಕೋಡ್ ತಾನಾಗಿ ಬರುತ್ತದೆ, ಮರಳುವ ಮ್ಯಾಕ್ರೋ ಅವನ್ನು ತಾನಾಗಿ ಹಿಂದಕ್ಕೆ ತುಂಬುತ್ತದೆ. ಹಿಂದೆ ಹೇಳಿದ ಪರ್ಲ್ ದಾರಿಯಲ್ಲಿ ಬಾಗಿಲಲ್ಲಿ ಅನುವಾದ ನಡೆಯುತ್ತದೆ, ಇಲ್ಲಿ ಹೆಸರುಗಳೇ ಬದಲಾಗುತ್ತವೆ. ಈಗಾಗಲೇ ಇರುವ ಸಾವಿರಾರು ಸಾಲಿನ ಕೋಡನ್ನು ಒಗ್ಗಿಸಲು ಮೊದಲ ದಾರಿಯೇ ವಾಸಿ. ಹೊಸದಾಗಿ ಬರೆಯುವುದಾದರೆ ಎರಡನೆಯದನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಅಲ್ಲಿ ಸಾಗಣೆಯ ಸೂಚನೆಗಳ ಖರ್ಚೂ ಉಳಿಯುತ್ತದೆ, ಎಕ್ಸ್‌ಎಂಎಂ ಲೆಕ್ಕಕ್ಕೆ ಫಂಕ್ಷನ್ನಿನ ತಲೆಯಲ್ಲೇ ಜಾಗವೂ ಇರುತ್ತದೆ.

ಹಳೆಯದು–ಹೊಸದು ಎಂಬ ಮಾತಿಗೆ ಎಲ್ಲಕ್ಕಿಂತ ಸರಿಯಾಗಿ ಹೊಂದುವುದು 64 ಬಿಟ್ ಪವರ್‌ಪಿಸಿ ಪ್ರೊಸೆಸರ್. ಅಲ್ಲಿ ಎಲ್ಫ್ ವಿ1 ಎಂಬ ಹಳೆಯ ಎಬಿಐ (ಬೈನರಿ ಮಟ್ಟದ ಒಪ್ಪಂದ, ಕಾಲಿಂಗ್ ಕನ್ವೆನ್ಷನ್ ಅದರ ಭಾಗ) ಇತ್ತು. ಪವರ್8 ಪೀಳಿಗೆಯ ಕಾಲದಲ್ಲಿ, ಲಿಟಲ್ ಎಂಡಿಯನ್ (ಸಂಖ್ಯೆಯ ಕೆಳಗಿನ ಬೈಟನ್ನು ಮೊದಲು ಇಡುವ) ಲಿನಕ್ಸ್ ಜೊತೆಗೆ, ಎಲ್ಫ್ ವಿ2 ಬಂತು. ಎರಡರಲ್ಲೂ ಆರ್ಗ್ಯುಮೆಂಟ್‌ಗಳು ಆರ್3ರಿಂದ ಆರ್10ರವರೆಗೆ ಬರುತ್ತವೆ, ಆದ್ದರಿಂದ ಏನೂ ಬದಲಾಗಿಲ್ಲ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಬದಲಾದದ್ದು ಫಂಕ್ಷನ್ ಪಾಯಿಂಟರ್ ಎಂದರೇನು ಎಂಬುದೇ.

ಎಲ್ಫ್ ವಿ1ರಲ್ಲಿ ಫಂಕ್ಷನ್ನಿನ ಹೆಸರು ಕೋಡನ್ನು ತೋರಿಸುವುದಿಲ್ಲ, 24 ಬೈಟ್‌ಗಳ ಒಂದು ವಿವರಪಟ್ಟಿಯನ್ನು ತೋರಿಸುತ್ತದೆ. ಆ ಪಟ್ಟಿಯಲ್ಲಿ ಮೂರು ಮನೆಗಳು: ಕೋಡ್ ಆರಂಭವಾಗುವ ವಿಳಾಸ, ಆ ಫಂಕ್ಷನ್ನಿಗೆ ಬೇಕಾದ ಟಿಒಸಿ ಎಂಬ ಕೋಷ್ಟಕದ ವಿಳಾಸ, ಮತ್ತು ಸಿ ಬಳಸದ ಪರಿಸರ ಪಾಯಿಂಟರ್. ಕೋಡಿನ ವಿಳಾಸಕ್ಕೆ ಬೇರೆ ಹೆಸರು, ಮುಂದೊಂದು ಚುಕ್ಕೆಯುಳ್ಳದ್ದು. ಪಾಯಿಂಟರ್ ಮೂಲಕ ಕರೆಯುವಾಗ ಪಟ್ಟಿಯಿಂದ ಕೋಡ್ ವಿಳಾಸವನ್ನೂ ಟಿಒಸಿಯನ್ನೂ ಓದಿಕೊಂಡು, ಆರ್2ರಲ್ಲಿ ಟಿಒಸಿಯನ್ನು ತುಂಬಿ ಜಿಗಿಯಬೇಕು. ಎಲ್ಫ್ ವಿ2 ಈ ಪಟ್ಟಿಯನ್ನು ತೆಗೆದುಹಾಕಿತು. ಪಾಯಿಂಟರ್ ನೇರವಾಗಿ ಕೋಡಿನದು, ಆದರೆ ಜಿಗಿಯುವಾಗ ಆ ವಿಳಾಸ ಆರ್12ರಲ್ಲೇ ಇರಬೇಕು, ಏಕೆಂದರೆ ಫಂಕ್ಷನ್ ತನ್ನ ಟಿಒಸಿಯನ್ನು ಆರ್12ರಿಂದ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಹೀಗಾಗಿ ಒಂದೇ ಫಂಕ್ಷನ್ನಿಗೆ ಎರಡು ಬಾಗಿಲು: ಹೊರಗಿನವರು ಬರುವ ಜಾಗತಿಕ ಪ್ರವೇಶ, ಅಲ್ಲಿ ಎರಡು ಸೂಚನೆಗಳು ಆರ್2ನ್ನು ಸಿದ್ಧಪಡಿಸುತ್ತವೆ, ಅದರಿಂದ 8 ಬೈಟ್ ಮುಂದೆ, ಅದೇ ಟಿಒಸಿಯನ್ನು ಹಂಚಿಕೊಂಡ ಒಳಗಿನವರು ಬರುವ ಸ್ಥಳೀಯ ಪ್ರವೇಶ. ಆರ್2ನ್ನು ಮುಟ್ಟದ, ಬೇರೆ ಯಾರನ್ನೂ ಕರೆಯದ ಫಂಕ್ಷನ್ನಿಗೆ ಎರಡೂ ಬಾಗಿಲು ಒಂದೇ. ಅಸೆಂಬ್ಲಿಯಲ್ಲಿ ಬರೆಯುವ ಮೆಮೊರಿ ನಕಲು, ಹ್ಯಾಶ್, ಗುಣಾಕಾರದಂಥ ಕೆಲಸಗಳು ಬಹುಪಾಲು ಈ ಬಗೆಯವೇ ಆದ್ದರಿಂದ ಅವುಗಳ ಮಟ್ಟಿಗೆ ಬದಲಾವಣೆ ಹಗುರ.

ಆದರೆ ಅಲ್ಲೂ ಒಂದು ಹೊಂಡವಿದೆ, ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಳೆಯ ಒಪ್ಪಂದದಲ್ಲಿ ಸ್ಟ್ಯಾಕ್ ಫ್ರೇಮ್ (ಒಂದು ಫಂಕ್ಷನ್ ಸ್ಟ್ಯಾಕ್‌ನಲ್ಲಿ ತನಗೆಂದು ಕಟ್ಟಿಕೊಳ್ಳುವ ಭಾಗ) ಕನಿಷ್ಠ 112 ಬೈಟ್: 48 ತಲೆಪಟ್ಟಿಗೆ, 64 ಎಂಟು ಆರ್ಗ್ಯುಮೆಂಟ್‌ಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ. ಈ 64 ಬೈಟನ್ನು ಕರೆಯುವ ಕೋಡ್ ಯಾವಾಗಲೂ ಬಿಡಲೇಬೇಕಿತ್ತು. ಹಾಗಾಗಿ ಅಸೆಂಬ್ಲಿ ಬರೆಯುವವರು ಫ್ರೇಮ್ ಕಟ್ಟುವ ಗೋಜಿಗೆ ಹೋಗದೆ, ಒಳಬಂದ ಕೂಡಲೇ ಆರ್3ನ್ನು ಸ್ಟ್ಯಾಕ್ ಪಾಯಿಂಟರ್‌ನಿಂದ 48 ಬೈಟ್ ಮೇಲೆ ಬಚ್ಚಿಟ್ಟು ಕೆಲಸ ಮುಂದುವರಿಸುತ್ತಿದ್ದರು. ಹಳೆಯ ಒಪ್ಪಂದದಲ್ಲಿ ಅದು ಪೂರ್ಣ ನ್ಯಾಯಸಮ್ಮತ. ಹೊಸ ಒಪ್ಪಂದದಲ್ಲಿ ತಲೆಪಟ್ಟಿ 32 ಬೈಟ್‌ಗೆ ಇಳಿಯಿತು, ಮತ್ತು ಆರ್ಗ್ಯುಮೆಂಟ್ ಜಾಗವನ್ನು ಬೇಕಾದಾಗ ಮಾತ್ರ, ಅಂದರೆ ಆರ್ಗ್ಯುಮೆಂಟ್‌ಗಳ ಸಂಖ್ಯೆ ಗೊತ್ತುಪಡಿಸದ ಫಂಕ್ಷನ್ನಿಗೋ ಎಲ್ಲವೂ ರಿಜಿಸ್ಟರ್‌ನಲ್ಲಿ ಹಿಡಿಸದಾಗಲೋ ಮಾತ್ರ, ಬಿಟ್ಟರೆ ಸಾಕು. ಈಗ ಅದೇ 48ನೆಯ ಬೈಟಿನಲ್ಲಿ ಕರೆದ ಫಂಕ್ಷನ್ನಿನ ಸ್ವಂತ ಚರಾಂಶಗಳು ಇರಬಹುದು. ಅಸೆಂಬ್ಲಿಯ ಒಂದು ಅಕ್ಷರವೂ ಬದಲಾಗಿಲ್ಲ, ಆದರೂ ಅದು ಬೇರೆಯವರ ಚರಾಂಶವನ್ನು ಅಳಿಸಿಹಾಕುತ್ತದೆ. ಟಿಒಸಿಯನ್ನು ಉಳಿಸುವ ಮನೆಯ ಕಥೆಯೂ ಇದೇ: ಹಿಂದೆ ಅದು 40ರಲ್ಲಿತ್ತು, ಈಗ 24ರಲ್ಲಿದೆ. 32 ಬೈಟ್ ಫ್ರೇಮ್ ಕಟ್ಟಿಕೊಂಡು ಹಳೆಯ ಅಭ್ಯಾಸದಂತೆ 40ಕ್ಕೆ ಬರೆದರೆ ಅದು ನಿಮ್ಮ ಫ್ರೇಮನ್ನು ದಾಟಿ, ಕರೆದವರ ಫ್ರೇಮಿನಲ್ಲಿ ಕಂಡಿಷನ್ ರಿಜಿಸ್ಟರ್ ಉಳಿಸಲೆಂದು ಇರುವ ಮನೆಗೆ ಬೀಳುತ್ತದೆ. ಆದ್ದರಿಂದ 48, 40, 112 ಎಂಬ ಬರಿಯ ಅಂಕಿಗಳು ಅಸೆಂಬ್ಲಿ ಕಡತದ ಒಡಲಲ್ಲಿ ಕಂಡರೆ ಅವನ್ನು ಮೊದಲು ಹೆಸರಿಗೆ ಬದಲಾಯಿಸಿ. ಹೊಸ ಒಪ್ಪಂದವನ್ನು ಸೇರಿಸುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಳ್ಳಿ. ಎರಡನ್ನೂ ಒಂದೇ ಪ್ಯಾಚ್‌ನಲ್ಲಿ ಮಾಡಿದರೆ ಪರಿಶೀಲಿಸುವವರಿಗೆ ಏನೂ ಕಾಣುವುದಿಲ್ಲ. ಮೊದಲ ಪ್ಯಾಚ್ ನಂತರ ಹುಟ್ಟುವ ಬೈನರಿ ಹಿಂದಿನದಕ್ಕೆ ಬೈಟ್ ಬೈಟ್ ಸಮನಾಗಿರಬೇಕು, ಅದನ್ನು ಹೋಲಿಸಿ ತೋರಿಸಬಹುದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು, ನಾನು ಒತ್ತಿ ಹೇಳಬೇಕಾದದ್ದು. ಎಷ್ಟೋ ಕಡೆ ಈ ಎರಡು ಒಪ್ಪಂದಗಳನ್ನು ಬೇರ್ಪಡಿಸಲು ಲಿಟಲ್ ಎಂಡಿಯನ್ ಹೌದೋ ಅಲ್ಲವೋ ಎಂದು ಪರೀಕ್ಷಿಸಿರುತ್ತಾರೆ. ಲಿಟಲ್ ಎಂಡಿಯನ್ ಲಿನಕ್ಸ್ ಹೊಸ ಒಪ್ಪಂದದೊಡನೆಯೇ ಬಂದದ್ದರಿಂದ ಆ ಪರೀಕ್ಷೆ ಬಹಳ ದಿನ ನಡೆಯಿತು. ಆದರೆ ಬೈಟ್‌ಗಳ ಕ್ರಮಕ್ಕೂ ಕರೆಯ ಒಪ್ಪಂದಕ್ಕೂ ಸಂಬಂಧವಿಲ್ಲ. ಮಸ್ಲ್ ಎಂಬ ಸಿ ಲೈಬ್ರರಿ 64 ಬಿಟ್ ಪವರ್‌ಪಿಸಿಯಲ್ಲಿ ಬಿಗ್ ಎಂಡಿಯನ್ ಆದರೂ ಎಲ್ಫ್ ವಿ2ನ್ನೇ ಬಳಸುತ್ತದೆ. ಅಲ್ಲಿ ಹೀಗೆ ಪರೀಕ್ಷಿಸುವ ಕೋಡ್, ಇಲ್ಲವೇ ಇಲ್ಲದ ವಿವರಪಟ್ಟಿಯನ್ನು ಹುಡುಕಿಕೊಂಡು ಹೋಗಿ, ಸೂಚನೆಗಳ ಬೈಟ್‌ಗಳನ್ನೇ ವಿಳಾಸವೆಂದು ಭಾವಿಸಿ ಜಿಗಿಯುತ್ತದೆ. ಕಂಪೈಲರ್ ಇದಕ್ಕೆಂದೇ ಒಂದು ಮ್ಯಾಕ್ರೋವನ್ನು ಕೊಡುತ್ತದೆ, ‘_ಕಾಲ್_ಎಲ್ಫ್’ ಎಂಬುದು. ಅದರ ಬೆಲೆ 2 ಇದ್ದರೆ ಒಪ್ಪಂದ ಹೊಸದು. ನಿಮಗೆ ಗೊತ್ತಾಗಬೇಕಾದದ್ದು ಒಪ್ಪಂದವಾದರೆ ಒಪ್ಪಂದವನ್ನೇ ಕೇಳಿ. ಬೈಟ್ ಕ್ರಮವನ್ನೋ ಪ್ರೊಸೆಸರ್‌ನ ಪೀಳಿಗೆಯನ್ನೋ ಆಪರೇಟಿಂಗ್ ಸಿಸ್ಟಮ್‌ನ ಹೆಸರನ್ನೋ ಕೇಳಿ ಊಹಿಸಿಕೊಳ್ಳಬೇಡಿ.

ಆರ್ಮ್‌ನ ಕಥೆ ಬೇರೆಯದು, ಅಲ್ಲಿ ಎರಡು ಒಪ್ಪಂದಗಳ ಪ್ರೋಗ್ರಾಂಗಳು ಒಂದೇ ಕರ್ನಲ್ ಮೇಲೆ ಓಡಬೇಕಾಗಿತ್ತು. 32 ಬಿಟ್ ಆರ್ಮ್ ಲಿನಕ್ಸ್‌ನ ಹಳೆಯ ಎಬಿಐಯಲ್ಲಿ ಸಿಸ್ಟಮ್ ಕಾಲ್‌ನ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಯ) ಸಂಖ್ಯೆ, ಕರ್ನಲ್‌ಗೆ ದಾಟಿಸುವ ಎಸ್‌ಡಬ್ಲ್ಯುಐ ಸೂಚನೆಯೊಳಗೇ ಅಡಗಿರುತ್ತಿತ್ತು. ಇಎಬಿಐ ಎಂಬ ಹೊಸ ಎಬಿಐಯಲ್ಲಿ ಅದು ಆರ್7ರಲ್ಲಿ ಬರುತ್ತದೆ, ಸೂಚನೆಯೊಳಗಿನ ಸಂಖ್ಯೆ ಸೊನ್ನೆ. ಹಳೆಯದನ್ನೂ ಬೆಂಬಲಿಸುವ ಕರ್ನಲ್ ಆ ಸೂಚನೆಯನ್ನು ಮೆಮೊರಿಯಿಂದ ಓದಿ ನೋಡುತ್ತದೆ: ಸೊನ್ನೆ ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯ ಕೋಷ್ಟಕ. ಇಎಬಿಐ ಇನ್ನೊಂದು ನಿಯಮವನ್ನೂ ತಂದಿತು: 64 ಬಿಟ್‌ನ ಆರ್ಗ್ಯುಮೆಂಟ್ ಸಮಸಂಖ್ಯೆಯ ರಿಜಿಸ್ಟರ್‌ನಿಂದಲೇ ಆರಂಭವಾಗಬೇಕು. ಕಡತವನ್ನು ಮೊಟಕುಗೊಳಿಸುವ ಟ್ರಂಕೇಟ್64 ಕರೆಯಲ್ಲಿ ಹೆಸರಿನ ಪಾಯಿಂಟರ್ ಆರ್0ಯಲ್ಲಿ, ಉದ್ದವು ಹಳೆಯ ರೀತಿಯಲ್ಲಿ ಆರ್1 ಮತ್ತು ಆರ್2ರಲ್ಲಿ, ಹೊಸ ರೀತಿಯಲ್ಲಿ ಆರ್1ನ್ನು ಖಾಲಿ ಬಿಟ್ಟು ಆರ್2 ಮತ್ತು ಆರ್3ರಲ್ಲಿ. ಕರ್ನಲ್‌ನ ಸೇತುವೆ ಮೂರೇ ಸೂಚನೆ: ಆರ್2ನ್ನು ಆರ್3ಕ್ಕೆ ಸರಿಸು, ಆರ್1ನ್ನು ಆರ್2ಕ್ಕೆ ಸರಿಸು, ಹೊಸ ಫಂಕ್ಷನ್ನಿಗೆ ಹೋಗು. ಒಡಲು ಒಂದೇ, ಅದು ಹೊಸದು. ಹಳೆಯದಕ್ಕೆ ಇರುವುದು ಬಾಗಿಲು ಮಾತ್ರ.

ಗೋ ಭಾಷೆ ಇದನ್ನೇ ಉಪಕರಣದ ಕೈಗೆ ಒಪ್ಪಿಸಿತು. 2021ರಲ್ಲಿ ಬಂದ ಗೋ 1.17ರವರೆಗೆ ಅದರ ಆರ್ಗ್ಯುಮೆಂಟ್‌ಗಳೆಲ್ಲ ಸ್ಟ್ಯಾಕ್‌ನಲ್ಲೇ ಸಾಗುತ್ತಿದ್ದವು. 1.17ರಲ್ಲಿ 64 ಬಿಟ್ ಎಕ್ಸ್86ಕ್ಕೆ ರಿಜಿಸ್ಟರ್ ಆಧಾರಿತ ಒಪ್ಪಂದ ಬಂತು, ಸುಮಾರು 5 ಶೇಕಡಾ ವೇಗ ಹೆಚ್ಚಿತೆಂದು ಬಿಡುಗಡೆ ಟಿಪ್ಪಣಿ ಹೇಳಿತು. ಆಗಲೇ ಬರೆದಿಟ್ಟಿದ್ದ ಅಸೆಂಬ್ಲಿ ಮಾತ್ರ ಎಬಿಐ0 ಎಂಬ ಹಳೆಯ ಒಪ್ಪಂದದಲ್ಲೇ ಉಳಿಯಿತು. ಎರಡು ಲೋಕಗಳು ಸಂಧಿಸುವ ಕಡೆಯೆಲ್ಲ ಕಂಪೈಲರ್ ಮತ್ತು ಲಿಂಕರ್ ಸೇರಿ ಹೊದಿಕೆ ಫಂಕ್ಷನ್ನುಗಳನ್ನು ಹುಟ್ಟಿಸುತ್ತವೆ. ಹೀಗೆ ದಾಟುವ ಪ್ರತಿಯೊಂದು ಕರೆಗೂ ಹೊದಿಕೆಯ ಖರ್ಚು ಬೀಳುತ್ತದೆ ಎಂಬುದು ನಿಜ, ಆದರೆ ಊರೆಲ್ಲ ಹಂಚಿಹೋದ ಅಸೆಂಬ್ಲಿಯನ್ನು ಒಂದೇ ದಿನ ಮುರಿಯದೆ ಹೊಸದಕ್ಕೆ ದಾಟಲು ಇದಕ್ಕಿಂತ ಸೌಜನ್ಯದ ದಾರಿ ನನಗೆ ಕಂಡಿಲ್ಲ.

ಇನ್ನು ಪರೀಕ್ಷೆಯ ವಿಷಯ. ಉತ್ತರ ಸರಿಯಿದೆಯೇ ಎಂದು ಮಾತ್ರ ನೋಡುವ ಪರೀಕ್ಷೆ ಒಪ್ಪಂದವನ್ನು ಪರೀಕ್ಷಿಸುವುದಿಲ್ಲ. ಎಕ್ಸ್264 ಮತ್ತು ಎಫ್‌ಎಫ್‌ಎಂಪೆಗ್‌ಗಳಲ್ಲಿ ಚೆಕ್‌ಎಎಸ್‌ಎಂ ಎಂಬ ಪರೀಕ್ಷಕವಿದೆ. ಅದು ಅಸೆಂಬ್ಲಿ ಫಂಕ್ಷನ್ನನ್ನು ನೇರವಾಗಿ ಕರೆಯದೆ, ಕಾಪಾಡಬೇಕಾದ ರಿಜಿಸ್ಟರ್‌ಗಳಲ್ಲೆಲ್ಲ ಗುರುತಿನ ಬೆಲೆ ತುಂಬಿ ಕರೆಯುತ್ತದೆ, ಮರಳಿದ ಮೇಲೆ ಅವು ಹಾಗೆಯೇ ಇವೆಯೇ ಎಂದು ನೋಡುತ್ತದೆ. 32 ಬಿಟ್‌ನ ಆರ್ಗ್ಯುಮೆಂಟ್‌ಗಳ ಮೇಲರ್ಧದಲ್ಲಿ ಬೇಕೆಂದೇ ಕಸ ಉಳಿಯುವಂತೆಯೂ ಮಾಡುತ್ತದೆ, ಏಕೆಂದರೆ ಸಿಯಲ್ಲಿ ಇಂಟ್ ಎಂದು ಘೋಷಿಸಿದ ಉದ್ದವನ್ನು ಅಸೆಂಬ್ಲಿಯಲ್ಲಿ ಪೂರ್ಣ 64 ಬಿಟ್ ಎಂದು ಓದುವುದು ಬಹಳ ಸಾಮಾನ್ಯವಾದ ತಪ್ಪು, ಮತ್ತು ಮೇಲರ್ಧ ಆಕಸ್ಮಿಕವಾಗಿ ಸೊನ್ನೆಯಾಗಿರುವಷ್ಟು ದಿನ ಅದು ಕಾಣುವುದಿಲ್ಲ.

ಪವರ್‌ಪಿಸಿಗೂ ಇಂಥದ್ದೊಂದನ್ನು ನೀವು ಅರ್ಧ ದಿನದಲ್ಲಿ ಕಟ್ಟಿಕೊಳ್ಳಬಹುದು. ಕರೆಯುವ ಮುನ್ನ ನಿಮ್ಮ ಫ್ರೇಮಿನ 32ನೆಯ ಬೈಟಿನಿಂದ 112ರವರೆಗೆ ಒಂದು ಗುರುತಿನ ಮಾದರಿಯನ್ನು ತುಂಬಿ, ಆರ್14ರಿಂದ ಆರ್31ರವರೆಗೂ ತುಂಬಿ, ಕರೆದು ಬಂದ ಮೇಲೆ ಹೋಲಿಸಿ. ಅದನ್ನು ಎರಡೂ ಒಪ್ಪಂದಗಳಿಗೆ ಕಂಪೈಲ್ ಮಾಡಿ. ಯಂತ್ರ ಕೈಯಲ್ಲಿಲ್ಲದಿದ್ದರೆ ಕ್ಯೂಎಮು ಎಮ್ಯುಲೇಟರ್ ಮೇಲೆ ಓಡಿಸಿ. ಆರ್3ನ್ನು 48ರಲ್ಲಿ ಬಚ್ಚಿಡುವ ಹಳೆಯ ಫಂಕ್ಷನ್ ಎಲ್ಲಾದರೂ ಉಳಿದಿದ್ದರೆ, ಎಲ್ಫ್ ವಿ2ರ ಮೊದಲ ಓಟದಲ್ಲೇ ಆ ಮಾದರಿಯ ನಡುವೆ ಎಂಟು ಬೈಟ್ ಬೇರೆಯಾಗಿ ಕಾಣುತ್ತವೆ, ಮತ್ತು ಆ ಎಂಟು ಬೈಟ್‌ಗಳನ್ನು ಓದಿದರೆ ನೀವು ಕಳುಹಿಸಿದ ಮೊದಲ ಆರ್ಗ್ಯುಮೆಂಟೇ ಅಲ್ಲಿರುತ್ತದೆ.